ಡಿ ಡ್ರೈವಿನ ಅಮಾನತು

2024ರ ಮಳೆಗಾಲದಲ್ಲಿ ಒಂದು ಬೆಳಗ್ಗೆ ನಮ್ಮ ಲ್ಯಾಪ್‌ಟಾಪ್ ಕಣ್ಣು ತೆರೆಯಲಿಲ್ಲ. ಗುಂಡಿ ಒತ್ತಿದರೆ ದೀಪ ಒಮ್ಮೆ ಮಿನುಗಿ ಆರುತ್ತಿತ್ತು, ಅಷ್ಟೆ. ಶಿವಮೊಗ್ಗದ ಮಳೆಗೆ ಮನೆಯ ಗೋಡೆಯೇ ಬೆವರುವಾಗ ಯಂತ್ರದ ಪಾಡೇನು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅದರೊಳಗೆ ಪ್ರಕಾಶಕರಿಗೆ ಕೊಡಬೇಕಾದ ಕಥಾಸಂಕಲನ ಇತ್ತು.

ನಾವು ಎಂದರೆ ಯಾರು ಎಂದು ಓದುಗರು ಕೇಳಬಹುದು. ನಮ್ಮ ಉರ್ದು ಶಾಲೆಯ ಉಸ್ತಾದರು ಒಬ್ಬರೇ ಇದ್ದಾಗಲೂ 'ಹಮ್' ಎನ್ನುತ್ತಿದ್ದರು. ಹೈಸ್ಕೂಲಿಗೆ ಕನ್ನಡಕ್ಕೆ ಬಂದ ಮೇಲೂ ನಮಗೆ ಆ ಚಟ ಬಿಡಲಿಲ್ಲ. ಈ ಬರಹದಲ್ಲಂತೂ ಅಣ್ಣ, ಅಮ್ಮಿ ಎಲ್ಲರೂ ಅದರೊಳಗೆ ಸೇರುತ್ತಾರೆ. ತಪ್ಪು ಮಾಡಿದ್ದು ಒಬ್ಬರಲ್ಲ.

ಇಂಜಿನಿಯರಿಂಗ್ ಓದುವ ಮಗ ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿ, ಬಿಸ್ಕತ್ತಿನಷ್ಟು ಅಗಲದ ಒಂದು ಚೂರು ಹೊರತೆಗೆದು, ಅದನ್ನು ಬೇರೆ ಪೆಟ್ಟಿಗೆಗೆ ಸಿಕ್ಕಿಸಿ, ಅರ್ಧ ಗಂಟೆಯಲ್ಲಿ ಎಲ್ಲ ಕತೆಗಳನ್ನು ಕೈಗೆ ಕೊಟ್ಟ. "ಸತ್ತದ್ದು ಬೋರ್ಡು ಮಮ್ಮಿ, ಡಿಸ್ಕ್ ಅಲ್ಲ. ಎರಡೂ ಬೇರೆ ಬೇರೆ" ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ಈ ಬರಹ ಇರುತ್ತಿರಲಿಲ್ಲ. ಬಾಗಿಲಲ್ಲಿ ಕೂತು ನೋಡುತ್ತಿದ್ದ ಅಮ್ಮಿ ಎದ್ದು ಹೋಗಿ, ತಮ್ಮ ಟ್ರಂಕಿನ ತಳದಿಂದ ಹಳೆಯ ದುಪಟ್ಟಾದಲ್ಲಿ ಸುತ್ತಿದ ಗಂಟೊಂದನ್ನು ತಂದು ಮೊಮ್ಮಗನ ಮುಂದೆ ಇಟ್ಟರು. ನುಸಿಗುಳಿಗೆಯ ವಾಸನೆ ಗಪ್ಪೆಂದು ಬಡಿಯಿತು.

"ನಿಮ್ಮ ನಾನಾರ ಕಂಪ್ಯೂಟರಿನ ಕಲೀಜಾ ಇದು. ಇದಕ್ಕೂ ಜೀವ ಬರುತ್ತಾ ನೋಡು."

ಆ ಕಂಪ್ಯೂಟರು ನಮ್ಮ ಮನೆಗೆ ಬಂದದ್ದು 2003ರಲ್ಲಿ. ಅಬ್ಬಾ ಉರ್ದು ಶಾಲೆಯ ಹೆಡ್‌ಮಾಸ್ಟರಾಗಿ ನಿವೃತ್ತರಾಗಿ ಎರಡು ವರ್ಷವಾಗಿತ್ತು. ಪೆಂಟಿಯಂ ನಾಲ್ಕು, 40 ಜಿಬಿಯ ಹಾರ್ಡ್ ಡಿಸ್ಕು, ಬೀರುವಿನಷ್ಟು ತೂಕದ ಮಾನಿಟರು. ಜೋಡಿಸಿ ಕೊಟ್ಟ ಹುಡುಗ ಹೋದ ಮೇಲೆ ಅಬ್ಬಾ ಪರದೆಯ ಮೇಲಿನ ಅಂಕಿಗಳನ್ನು ಕೂಡಿಸಿ ನೋಡಿದರು. ಸಿ ಮತ್ತು ಡಿ ಎರಡೂ ಸೇರಿ 37 ಚಿಲ್ಲರೆ ಬಂತು. "ಮೂರು ಜಿಬಿ ನುಂಗಿದ್ದಾನೆ" ಎಂದು ಛತ್ರಿ ಹಿಡಿದು ಅಂಗಡಿಗೆ ಹೊರಟೇಬಿಟ್ಟರು. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆದು ಮಾರುತ್ತಾರೆ, ಕಂಪ್ಯೂಟರು 1,024ರ ಲೆಕ್ಕದಲ್ಲಿ ಅಳೆದು ತೋರಿಸುತ್ತದೆ, ಯಾರೂ ನುಂಗಿಲ್ಲ ಎಂಬುದನ್ನು ಆ ಹುಡುಗ ವಿವರಿಸಲು ಹೋಗಿ ಸೋತ. ಲೆಕ್ಕದ ವಿಷಯದಲ್ಲಿ ಅಬ್ಬಾ ಹಾಗೆ. ಸೇರಿನಲ್ಲಿ ಕೊಂಡದ್ದನ್ನು ಸೇರಿನಲ್ಲೇ ಅಳೆಯಬೇಕು.

ಅವರಿಗೆ ಕಂಪ್ಯೂಟರು ಬೇಕಾದದ್ದೂ ಲೆಕ್ಕಕ್ಕಾಗಿಯೇ ಎಂಬುದು ನಮಗೆ ಗೊತ್ತಿರಲಿಲ್ಲ. ಕೇರಿಯ ಹತ್ತಾರು ಮನೆಯವರು ಅವರ ಹತ್ತಿರ ಹಣ ಇಡುತ್ತಿದ್ದರು. ಬೀಡಿ ಕಟ್ಟುವವರು, ಗುಜರಿಯವರು, ಮನೆಗೆಲಸದ ಹೆಂಗಸರು. ಬ್ಯಾಂಕಿನ ಚಲನ್ ತುಂಬಲು ಬಾರದವರು, ಗಂಡನ ಕಣ್ಣಿಗೆ ಬೀಳದಂತೆ ಉಳಿಸಬೇಕಾದವರು. ಅಬ್ಬಾ ಅದನ್ನು ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. 2002ರಲ್ಲಿ ಆ ರಿಜಿಸ್ಟರುಗಳನ್ನು ಗೆದ್ದಲು ತಿಂದುಹಾಕಿತು. ಅದಾದ ಮೇಲೆ ಅವರು ಅರವತ್ತು ದಾಟಿದ ವಯಸ್ಸಿನಲ್ಲಿ ಇನ್‌ಪೇಜ್ ಕಲಿತರು. ಉರ್ದುವಿನ ನಸ್ತಾಲೀಕ್ ಬರಹ ಅಕ್ಷರದ ಪಕ್ಕ ಅಕ್ಷರ ಕೂರಿಸಿದರೆ ಆಗುವಂಥದ್ದಲ್ಲ, ಒಂದರ ಹೆಗಲ ಮೇಲೊಂದು ಇಳಿಜಾರಾಗಿ ಇಳಿಯಬೇಕು. ಮಿರ್ಜಾ ಅಹ್ಮದ್ ಜಮೀಲ್ ಅವರು ಸಾವಿರಾರು ಜೋಡಣೆಗಳನ್ನು ಒಂದೊಂದಾಗಿ ಬರೆಸಿ ನೂರಿ ನಸ್ತಾಲೀಕ್ ಸಿದ್ಧಪಡಿಸಿ, 1981ರಲ್ಲಿ ಉರ್ದು ಪತ್ರಿಕೆಯೊಂದು ಅದರಲ್ಲಿ ಅಚ್ಚಾಗುವವರೆಗೆ ಪತ್ರಿಕೆಗಳನ್ನು ಕಾತಿಬರು ಕೈಯಲ್ಲೇ ಬರೆಯುತ್ತಿದ್ದರು. ಅದೇ ಬರಹವನ್ನು ಮನೆಮನೆಯ ಕಂಪ್ಯೂಟರಿಗೆ ತಂದದ್ದು ಇನ್‌ಪೇಜ್. ಅಬ್ಬಾ ಒಂದು ಬೆರಳಿನಲ್ಲಿ ಟಕ್ ಟಕ್ ಎಂದು ಒತ್ತುತ್ತಾ ಕೂತಿದ್ದರೆ, ಗಝಲ್ ಬರೆಯುತ್ತಿದ್ದಾರೆ ಎಂದು ನಾವು ನಗುತ್ತಿದ್ದೆವು. ನಮ್ಮ ಪಾಡಿಗೆ ನಾವು ನುಡಿಯಲ್ಲಿ ಕತೆ ಟೈಪು ಮಾಡುತ್ತಿದ್ದೆವು. ಒಂದೇ ಕೀಬೋರ್ಡು, ಬೆಳಗ್ಗೆ ಬಲದಿಂದ ಎಡಕ್ಕೆ, ರಾತ್ರಿ ಎಡದಿಂದ ಬಲಕ್ಕೆ.

2008ರಲ್ಲಿ ವೈರಸ್ ಬಂದು ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡಿಸಬೇಕಾಯಿತು. 'ಮೈ ಡಾಕ್ಯುಮೆಂಟ್ಸ್'ನಲ್ಲಿದ್ದ ನಮ್ಮ ಒಂಬತ್ತು ಕತೆಗಳು ಅದರೊಂದಿಗೇ ಹೋದವು. ಬೇಕಾದದ್ದನ್ನು ಡಿಯಲ್ಲಿ ಇಡಿ ಎಂದು ಅಂಗಡಿಯ ಹುಡುಗ ಮೊದಲ ದಿನವೇ ಹೇಳಿದ್ದ. ಅಬ್ಬಾ ಕೇಳಿದ್ದರು, ನಾವು ಕೇಳಿರಲಿಲ್ಲ. 2010ರಲ್ಲಿ ಮದರ್‌ಬೋರ್ಡಿನ ಕೆಪಾಸಿಟರುಗಳು ಪೂರಿಯಂತೆ ಉಬ್ಬಿ ಕಂಪ್ಯೂಟರು ಪೂರ್ತಿ ನಿಂತಿತು. ಮರುವರ್ಷ ಅಬ್ಬಾ ಹಾಸಿಗೆ ಹಿಡಿದರು. ಮಾತು ಮೊದಲು ಹೋಯಿತು. ಆಸ್ಪತ್ರೆಯ ಬಿಲ್ಲಿಗೆ ಸಾಲದೆ ಬಂದಾಗ ಅಲ್ಮೇರಾದ ಸ್ಟೀಲ್ ಡಬ್ಬಿ ತೆಗೆದೆವು. ಅದರಲ್ಲಿದ್ದ ನೋಟುಗಳು ಅಬ್ಬಾರದೇ ಎಂದುಕೊಂಡೆವು. ಎಲ್ಲವನ್ನೂ ಕಟ್ಟಿದೆವು.

ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಹಿಂದಿನ ಬೀದಿಯ ಖಾಲಾ ಬಂದರು. ಬೀಡಿ ಕಟ್ಟಿ ಮಗಳನ್ನು ಸಾಕಿದ ವಿಧವೆ. ಅಮ್ಮಿಯ ಹತ್ತಿರ ಬಹಳ ಹೊತ್ತು ಬೇರೆ ಏನೇನೋ ಮಾತಾಡಿ, ಏಳುವಾಗ ಹೇಳಿದರು: "ಮಾಸ್ಟರ್ ಸಾಬರ ಹತ್ತಿರ ನಂದು 22 ಸಾವಿರ ಇತ್ತು. ಮಗಳಿಗೆ ಗಂಡು ಗೊತ್ತಾಗಿದೆ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಏನಾದರೂ ಚೀಟಿ ಇದೆಯಾ ಖಾಲಾ?" ಎಂದದ್ದು ಅಣ್ಣ. ಆದರೆ ಅವನು ಕೇಳಲಿ ಎಂದು ನಾವೆಲ್ಲ ಸುಮ್ಮನಿದ್ದೆವು, ಅದನ್ನೂ ಬರೆಯಬೇಕು.

"ನಿಮ್ಮ ಅಬ್ಬಾ ಹತ್ತಿರ ಯಾರಾದರೂ ಚೀಟಿ ಕೇಳುತ್ತಾರಾ ಬೇಟಾ?"

ಸತ್ತವರ ಆಸ್ತಿಯನ್ನು ಹಂಚಿಕೊಳ್ಳುವ ಮೊದಲು ಅವರ ಸಾಲ ತೀರಿಸಬೇಕು ಎಂಬುದು ಮದರಸಾಕ್ಕೆ ಹೋದ ಮಕ್ಕಳಿಗೂ ಗೊತ್ತಿರುವ ಮಾತು. ನಮಗೂ ಗೊತ್ತಿತ್ತು. ಆದರೆ ಲೆಕ್ಕ ಎಲ್ಲಿದೆ? ಹಳೆಯ ಡಿಸ್ಕಿನಲ್ಲಿ ಏನಾದರೂ ಇರಬಹುದೇ ಎಂದು ಒಬ್ಬ ರಿಪೇರಿಯವನಿಗೆ ಕೊಟ್ಟೆವು. ಅವನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿ ಎರಡೇ ನಿಮಿಷದಲ್ಲಿ "ಡೆಡ್" ಎಂದ. ನಾವು ಐದು ಸಾವಿರ ಹೊಂದಿಸಿ ಮದುವೆಯ ಉಡುಗೊರೆ ಎಂಬಂತೆ ಖಾಲಾರ ಕೈಗಿಟ್ಟೆವು. ಅವರು ತೆಗೆದುಕೊಂಡರು. ಮತ್ತೆ ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ. 2018ರಲ್ಲಿ ತೀರಿಕೊಂಡರು.

ಮಗ ಆ ಡಿಸ್ಕನ್ನು ತಿರುಗಿಸಿ ನೋಡಿ ಮೊದಲು ಹೇಳಿದ್ದು, "ಜಂಪರ್ ಮಾಸ್ಟರ್‌ನಲ್ಲಿದೆ" ಎಂದು. ಜಂಪರ್ ಎಂದರೆ ಅಕ್ಕಿಕಾಳಿಗಿಂತ ತುಸು ದೊಡ್ಡ ಪ್ಲಾಸ್ಟಿಕ್ ಟೋಪಿ. ಆ ಕಾಲದಲ್ಲಿ ಎರಡು ಡಿಸ್ಕುಗಳನ್ನು ಒಂದೇ ಪಟ್ಟಿ ಕೇಬಲ್ಲಿಗೆ ಸಿಕ್ಕಿಸುವಾಗ ಒಂದನ್ನು ಮಾಸ್ಟರ್, ಇನ್ನೊಂದನ್ನು ಸ್ಲೇವ್ ಎಂದು ಈ ಟೋಪಿಯಿಂದ ಗುರುತು ಮಾಡಬೇಕಿತ್ತು. ಎರಡೂ ಮಾಸ್ಟರ್ ಆದರೆ ಕಂಪ್ಯೂಟರಿಗೆ ಗೊಂದಲವಾಗಿ ಡಿಸ್ಕು ಕಾಣಿಸದೆ ಹೋಗಬಹುದು. 2011ರಲ್ಲಿ ಆದದ್ದು ಅದೇ ಇರಬೇಕು ಎಂಬುದು ಮಗನ ಅಂದಾಜು. ನಾವು ಅವನನ್ನು ಎರಡು ಸಲ ಕೇಳಿದೆವು, ಎರಡು ಸಲವೂ ಅದನ್ನೇ ಹೇಳಿದ.

ಈಗಿನ ಕಂಪ್ಯೂಟರುಗಳಲ್ಲಿ ಆ ಅಗಲ ಕೇಬಲ್ಲಿಗೆ ಜಾಗವೇ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದು ಅಡಾಪ್ಟರ್ ತರಿಸಿದೆವು. ಒಂದು ತುದಿ ಯುಎಸ್‌ಬಿಗೆ, ಇನ್ನೊಂದು ತುದಿ ಡಿಸ್ಕಿನ ಪಿನ್ನುಗಳಿಗೆ, ಜೊತೆಗೆ ಕರೆಂಟಿಗೆ ಬೇರೆಯದೇ ಪೆಟ್ಟಿಗೆ. ಅಷ್ಟರಲ್ಲಿ ಸಲಹೆ ಕೊಡುವವರು ಬಂದರು. ಫ್ರೀಜರಿನಲ್ಲಿ ಒಂದು ರಾತ್ರಿ ಇಟ್ಟರೆ ಓಡುತ್ತದೆ ಎಂದರು ಒಬ್ಬರು. ಕುಲ್ಫಿ ಮಾಡುವುದಿಲ್ಲ ಎಂದು ಮಗ ರೇಗಿದ. ಹೊರಗೆ ತೆಗೆದಾಗ ಕೂರುವ ತೇವವೇ ಅದನ್ನು ಕೊಲ್ಲುತ್ತದಂತೆ. ಬಿಚ್ಚಿ ನೋಡೋಣ ಎಂದರು ಇನ್ನೊಬ್ಬರು. ಒಳಗಿನ ತಟ್ಟೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ, ಓದುವ ಮೊನೆ ಅದನ್ನು ಮುಟ್ಟದೆ ಮೇಲೆ ತೇಲುತ್ತದೆ, ನಡುವಿನ ಸಂದು ಕೂದಲೆಳೆಗಿಂತ ಸಾವಿರಾರು ಪಟ್ಟು ತೆಳು. ಒಂದು ಕಣ ಧೂಳು ಅಲ್ಲಿ ಬಂಡೆಗಲ್ಲಿದ್ದಂತೆ.

ಕರೆಂಟು ಕೊಟ್ಟಾಗ ಡಿಸ್ಕು ಸಣ್ಣಗೆ ಗುಂಯ್‌ಗುಟ್ಟಿತು. ಆಮೇಲೆ ಕಟಕ್, ಕಟಕ್. ಅಮ್ಮಿ ತಸ್ಬೀಹ್ ನಿಲ್ಲಿಸಿ ಕಿವಿಗೊಟ್ಟರು. ಮಗ ಒಂದು ಫೈಲನ್ನೂ ತೆರೆಯಲು ಬಿಡಲಿಲ್ಲ. ಮೊದಲು ಇಡೀ ಡಿಸ್ಕಿನ ನಕಲು ಆಗಬೇಕು, ಆಮೇಲೆ ನಕಲಿನಲ್ಲಿ ಹುಡುಕಬೇಕು, ಅಸಲಿನ ಮೇಲೆ ಒಂದಕ್ಷರವೂ ಬರೆಯಬಾರದು. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಹಚ್ಚಿದ. ಅದು ಸಲೀಸಾಗಿ ಬರುವುದನ್ನು ಮೊದಲು ಎತ್ತಿಕೊಂಡು, ಹಠ ಹಿಡಿಯುವ ಜಾಗಗಳನ್ನು ಬಿಟ್ಟು ಮುಂದೆ ಹೋಗಿ, ಕೊನೆಗೆ ಮತ್ತೆ ಬಂದು ಒಂದೊಂದನ್ನೇ ಕೇಳುತ್ತದೆ. ಹೊಸ ಡಿಸ್ಕಾದರೆ ಅರ್ಧ ಗಂಟೆಯ ಕೆಲಸ. ನಮಗೆ ಎರಡು ರಾತ್ರಿ, ಒಂದು ಹಗಲು ಹಿಡಿಯಿತು. ಕರೆಂಟು ಹೋಗದಿರಲಿ ಎಂದು ಮನೆಮಂದಿಯೆಲ್ಲ ಹಾರೈಸಿದೆವು.

ಫಾರ್ಮ್ಯಾಟ್ ಆದ ಸಿ ಡ್ರೈವಿನಿಂದಲೂ ನಮ್ಮ ಕತೆಗಳ ಚೂರುಗಳು ಬಂದವು. ಫಾರ್ಮ್ಯಾಟ್ ಎಂದರೆ ಸಾಮಾನ್ಯವಾಗಿ ಪುಸ್ತಕದ ಪರಿವಿಡಿ ಹರಿದಂತೆ, ಪುಟಗಳು ಹಾಗೇ ಇರುತ್ತವೆ. ಅವುಗಳ ಮೇಲೆ ಬೇರೆ ಬರೆದಾಗ ಮಾತ್ರ ಹೋಗುತ್ತವೆ. ಹೊಸ ವಿಂಡೋಸ್ ಬಹಳಷ್ಟರ ಮೇಲೆ ಬರೆದಿತ್ತು. ಸಿಕ್ಕಿದ್ದು ಹೆಸರಿಲ್ಲದ, ನಂಬರು ಮಾತ್ರ ಇರುವ ಕಡತಗಳು. ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಚುಕ್ಕೆ ಗೀಟು ಎರಚಿದಂಥ ಕಲಸುಮೇಲೋಗರ. ಆಗಿನ ನುಡಿಯಲ್ಲಿ ಅಕ್ಷರ ಕನ್ನಡವಾಗಿ ಕಾಣುತ್ತಿದ್ದದ್ದು ಫಾಂಟಿನ ದಯೆಯಿಂದ. ಫಾಂಟು ಹಾಕಿದ ಮೇಲೆ ಮೂರು ಕತೆ ಪೂರ್ತಿಯಾಗಿ, ಎರಡು ಅರೆಬರೆಯಾಗಿ ಓದಲಿಕ್ಕೆ ಬಂದವು. ಅವುಗಳಲ್ಲಿ ಒಂದನ್ನು ಯಾರಿಗೂ ತೋರಿಸುವುದಿಲ್ಲ.

ಡಿ ಡ್ರೈವಿನಲ್ಲಿ 'ಅಮಾನತ್' ಎಂಬ ಫೋಲ್ಡರು ಹೆಸರು ಸಮೇತ ಇತ್ತು. ಕನ್ನಡದ ಕಚೇರಿಗಳಲ್ಲಿ ಅಮಾನತು ಎಂದರೆ ನೌಕರನನ್ನು ಮನೆಗೆ ಕಳಿಸುವುದು. ಉರ್ದುವಿನಲ್ಲಿ ನಂಬಿ ಇಟ್ಟದ್ದು. ಒಂದೇ ಮಾತು ಎರಡು ಶಾಲೆಗಳಲ್ಲಿ ಹೀಗೆ ಬೇರೆಯಾಗಿ ಬೆಳೆದಿದೆ. ಫೋಲ್ಡರಿನಲ್ಲಿ ಒಂದೇ ಒಂದು ಇನ್‌ಪೇಜ್ ಕಡತ. ನಮ್ಮ ಯಂತ್ರದಲ್ಲಿ ತೆರೆಯಲಿಲ್ಲ. ಶಾದಿ ಕಾರ್ಡು ಅಚ್ಚು ಹಾಕುವ ಪ್ರೆಸ್ಸೊಂದರಲ್ಲಿ ಇನ್‌ಪೇಜ್ ಇನ್ನೂ ಉಸಿರಾಡುತ್ತಿತ್ತು. ವಲೀಮಾದ ಕಾರ್ಡೊಂದನ್ನು ಬದಿಗೆ ಸರಿಸಿ ಅವರು ಅದನ್ನು ತೆರೆದರು.

ಹನ್ನೆರಡು ಹೆಸರು. ಜಮಾ, ಖರ್ಚು, ಬಾಕಿ. ತಾರೀಖುಗಳೆಲ್ಲ ಹಿಜರಿಯಲ್ಲಿ. ಖಾಲಾರದು ಮೂರನೆಯದು. 1425ರ ಶವ್ವಾಲ್‌ನಲ್ಲಿ, ಅಂದರೆ 2004ರ ಕೊನೆಯಲ್ಲಿ, 5,000. ಆಮೇಲೆ 4,000, 6,500, ಕೊನೆಗೆ 1430ರ ರಜಬ್‌ನಲ್ಲಿ 8,000. ನಡುವೆ ಒಮ್ಮೆ ಔಷಧಿಗೆಂದು 1,000 ವಾಪಸು. ಬಾಕಿ 22,500. ಕಡತದ ಕೊನೆಯಲ್ಲಿ ಒಂದು ಸಾಲು: ಎಲ್ಲವೂ ಸ್ಟೀಲ್ ಡಬ್ಬಿಯಲ್ಲಿದೆ.

ಪ್ರೆಸ್ಸಿನವರು ಪ್ರಿಂಟು ತೆಗೆದು ಕೊಟ್ಟರು. ಅಣ್ಣ ಅದನ್ನು ಮಡಚಿ ಜೇಬಿಗಿಟ್ಟ, ಮತ್ತೆ ತೆಗೆದ, ಮತ್ತೆ ಇಟ್ಟ.

ಉಳಿದ 17,500 ಎಷ್ಟು ಎಂಬುದರ ಮೇಲೆ ಮನೆಯಲ್ಲಿ ವಾದವಾಯಿತು. ಚಿನ್ನದ ಬೆಲೆ ಅಷ್ಟರಲ್ಲಿ ಎರಡು ಪಟ್ಟು ದಾಟಿತ್ತು. ಇಟ್ಟದ್ದು ಎಷ್ಟೋ ಅಷ್ಟೇ ಅಮಾನತು ಎಂದ ಅಣ್ಣ. ಆ ಹಣಕ್ಕೆ ಅಂದು ಬರುತ್ತಿದ್ದ ಒಡವೆ ಇಂದು ಬರುತ್ತದಾ ಎಂದರು ಅಮ್ಮಿ. ಕೊನೆಗೆ ಅಮ್ಮಿ ತಮ್ಮ ಎರಡು ಬಳೆಗಳಲ್ಲಿ ಒಂದನ್ನು ಬಿಚ್ಚಿ ಲಕೋಟೆಯ ಜೊತೆ ಇಟ್ಟರು. ಯಾರೂ ಮಾತಾಡಲಿಲ್ಲ.

ಖಾಲಾರ ಮಗಳು ಈಗ ಹರಿಹರದಲ್ಲಿದ್ದಾಳೆ. ಟೈಲರಿಂಗ್ ಮಾಡುತ್ತಾಳೆ. ಕನ್ನಡ ಶಾಲೆಯಲ್ಲಿ ಓದಿದವಳು, ಉರ್ದು ಬಾರದು. ನಾವು ಸಾಲು ಸಾಲಾಗಿ ಓದಿ ಹೇಳಿದೆವು. ಅವಳು ಮಿಷನ್ನಿನ ಮುಂದೆಯೇ ಕೂತು ಕೇಳಿದಳು. ಹಣ ಎಣಿಸಿ ಐನೂರರ ಒಂದು ನೋಟನ್ನು ವಾಪಸು ಚಾಚಿದಳು.

"ಅಮ್ಮಿ ಯಾವಾಗಲೂ 22 ಅಂತಲೇ ಹೇಳಿದ್ದು ಆಪಾ."

"ಲೆಕ್ಕದಲ್ಲಿ 22,500 ಇದೆ."

"ಹಾಗಾದರೆ ಅಮ್ಮಿಗೆ ಮರೆತಿತ್ತು" ಎಂದು ಇಟ್ಟುಕೊಂಡಳು. ಬಳೆ ಮಾತ್ರ ಎಷ್ಟು ಹೇಳಿದರೂ ಮುಟ್ಟಲಿಲ್ಲ. ಚಹಾ ಕೊಟ್ಟಳು. ಹೊರಡುವಾಗ, "ಆ ಹಾಳೆ ಬಿಟ್ಟು ಹೋಗಿ" ಎಂದಳು. "ನಿಮಗೆ ಬೇಕಿದ್ದ ಚೀಟಿ ಅದೇ ಅಲ್ಲವಾ?"

ಹಾಳೆಯಲ್ಲಿ ಬೇರೆಯವರ ಹೆಸರೂ ಇದ್ದವು. ಅವಳಮ್ಮನ ಸಾಲುಗಳಷ್ಟನ್ನು ಕತ್ತರಿಸಿ ಕೊಟ್ಟೆವು. ಕತ್ತರಿಯನ್ನು ಅವಳೇ ಕೊಟ್ಟಳು.

ಇನ್ನು ಹನ್ನೊಂದು ಹೆಸರು ಉಳಿದಿವೆ. ನಾಲ್ವರ ಮನೆ ಸಿಕ್ಕಿದೆ. ಇಬ್ಬರು ಊರು ಬಿಟ್ಟಿದ್ದಾರೆ. ಒಬ್ಬರನ್ನು ಅಬ್ಬಾ ಬರೀ 'ಬಳೆಯವಳು, ಭದ್ರಾವತಿ' ಎಂದು ಬರೆದಿದ್ದಾರೆ, ಬಾಕಿ 3,200. ಮುಂದಿನ ಭಾನುವಾರ ಭದ್ರಾವತಿಗೆ ಹೋಗುವವರಿದ್ದೇವೆ.