ತಪ್ಪನ್ನು ಬಚ್ಚಿಡದ ಮದ್ದು

ಪಿಸ್ತೂಲು, ತೋಟಾ, ಮದ್ದು – ಇವೆಲ್ಲ ಮನೆಮಂದಿ ಓದುವ ಪತ್ರಿಕೆಗೆ ಸಲ್ಲುವ ಪದಗಳಲ್ಲವೆಂದು ಕೆಲವು ಸಹೋದರಿಯರಿಗೆ ಅನಿಸಬಹುದು. ಆದರೆ ಮಕ್ಕಳು ಯಾವ ದೇಶದಲ್ಲಿದ್ದರೂ ಅವರ ಮನೆಯೊಳಗೆ ಏನು ನಡೆಯುತ್ತಿದೆ ಎಂಬ ಚಿಂತೆ ತಾಯಂದಿರನ್ನು ಬಿಡುವುದಿಲ್ಲ. ನನ್ನ ಅಕ್ಕನ ಮಗ ಅಮೆರಿಕದ ಟೆಕ್ಸಾಸ್‌ನಲ್ಲಿ ಇಂಜಿನಿಯರ್. ಅಲ್ಲಿ ಪಿಸ್ತೂಲು ಗುರಿಯ ಸ್ಪರ್ಧೆಗಳಲ್ಲಿ ಭಾಗವಹಿಸುತ್ತಾನೆ. ಅಷ್ಟೇ ಆಗಿದ್ದರೆ ಅಕ್ಕ ಸುಮ್ಮನಿರುತ್ತಿದ್ದಳು. ಆದರೆ ಸ್ಪರ್ಧೆಗೆ ಬೇಕಾದ ತೋಟಾಗಳಿಗೆ ಅವನು ಮನೆಯ ಗ್ಯಾರೇಜಿನಲ್ಲಿ ತಾನೇ ಮದ್ದು ತುಂಬುತ್ತಾನೆಂದು ತಿಳಿದ ದಿನದಿಂದ ಅವಳ ನಿದ್ದೆ ಕೆಟ್ಟಿತು. ಆ ಮನೆಯಲ್ಲಿ ಅಂಬೆಗಾಲಿಡುವ ಮಗುವಿದೆ. ಮುಸ್ಲಿಮ್ ಹೆಸರಿನ ಯುವಕನ ಮನೆಯಲ್ಲಿ ಮದ್ದಿನ ಡಬ್ಬಿ ಕಂಡರೆ ನೆರೆಹೊರೆಯವರು ಏನೆಂದುಕೊಳ್ಳುವರೋ ಎಂಬ ಭಯ ಬೇರೆ. “ನೀನು ದೀನ್ ಕಲಿತವಳು. ಇದು ಹರಾಮ್ ಎಂದು ಅವನಿಗೊಂದು ಮಾತು ಹೇಳಿಬಿಡು” ಎಂದು ನನ್ನನ್ನು ಒತ್ತಾಯಿಸಿದಳು.

ಹರಾಮ್ ಎನ್ನುವುದು ಅಷ್ಟು ಸುಲಭವಾಗಿ ಬಾಯಿಂದ ಹೊರಡಬೇಕಾದ ಮಾತಲ್ಲ. ಬಿಲ್ಲುಬಾಣದ ಅಭ್ಯಾಸವನ್ನು ಪ್ರವಾದಿ(ಸ) ಪ್ರೋತ್ಸಾಹಿಸಿದ್ದರೆಂದು ಹದೀಸ್‌ಗಳಿಂದ ತಿಳಿದುಬರುತ್ತದೆ. ವಿಷಯ ತಿಳಿಯದೆ ತೀರ್ಪು ಹೇಳಬಾರದೆಂದು ಮದ್ರಸದಲ್ಲಿ ಮಕ್ಕಳಿಗೆ ಕಲಿಸುವ ನಾನು, ಅದನ್ನು ಮೊದಲು ಪಾಲಿಸಬೇಕಲ್ಲವೇ? ಆದ್ದರಿಂದ ಕೆಲವು ರವಿವಾರಗಳಂದು ಅವನೊಡನೆ ಫೋನಿನಲ್ಲಿ ಕುಳಿತು ಒಂದೊಂದನ್ನೇ ಕೇಳಿ ತಿಳಿದುಕೊಂಡೆ.

ಮೊದಲನೆಯದು ಕಾನೂನು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಿಗೆಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಅಮೆರಿಕದಲ್ಲಿ ಹಾಗಲ್ಲ. ಸ್ವಂತ ಬಳಕೆಗಾಗಿ ತೋಟಾ ತುಂಬುವುದಕ್ಕೆ ಅಲ್ಲಿನ ಕೇಂದ್ರ ಕಾನೂನು ಪರವಾನಿಗೆ ಕೇಳುವುದಿಲ್ಲ. ಅದು ಅಲ್ಲಿ ಎಷ್ಟೋ ಮಂದಿಯ ಹವ್ಯಾಸ.

ಅಂಗಡಿಯಲ್ಲಿ ಸಿಗುವ ತೋಟಾ ಸಾಲದೇ ಎಂದು ಕೇಳಿದೆ. ಅವನು ಆಡುವ ಸ್ಪರ್ಧೆಯ ಅಂತಾರಾಷ್ಟ್ರೀಯ ಸಂಘಟನೆ 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ಹುಟ್ಟಿಕೊಂಡಿತು. ಗುರಿ, ವೇಗ ಮತ್ತು ಗುಂಡಿನ ಶಕ್ತಿ ಈ ಮೂರಕ್ಕೂ ಅಲ್ಲಿ ಬೆಲೆಯಿದೆ. ಗುಂಡಿನ ತೂಕವನ್ನು ಗ್ರೇನ್‌ನಲ್ಲೂ, ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂದೂ ಅಳೆದು, ಎರಡನ್ನು ಗುಣಿಸಿ 1000ದಿಂದ ಭಾಗಿಸುತ್ತಾರೆ. ಅದಕ್ಕೆ ಪವರ್ ಫ್ಯಾಕ್ಟರ್ ಎಂದು ಹೆಸರು. ಅದು ಕನಿಷ್ಠ 125 ಇರಬೇಕು. 124 ಗ್ರೇನ್‌ನ ಗುಂಡು ಸೆಕೆಂಡಿಗೆ 1010 ಅಡಿ ವೇಗದಲ್ಲಿ ಹೋದರೆ ಈ ಗಡಿ ದಾಟುತ್ತದೆ. ಅಮೆರಿಕದ ಸ್ಪರ್ಧೆಗಳಲ್ಲಿ 165 ದಾಟಿದವರಿಗೆ, ಗುರಿಯ ನಡುಭಾಗದಿಂದ ಆಚೆ ತಾಗಿದ ಗುಂಡಿಗೂ ಒಂದು ಅಂಕ ಹೆಚ್ಚು ಸಿಗುತ್ತದೆ. ವೇಗವನ್ನು ಸ್ಪರ್ಧೆಯ ಜಾಗದಲ್ಲೇ ಯಂತ್ರವಿಟ್ಟು ಅಳೆಯುತ್ತಾರೆ. ತನ್ನ ಪಿಸ್ತೂಲಿಗೆ ಸರಿಯಾಗಿ ಹೊಂದುವ ತೋಟಾ ಬೇಕೆನ್ನುವವರು ಆದ್ದರಿಂದಲೇ ತಾವೇ ತುಂಬುತ್ತಾರೆ.

ಇನ್ನು ಮದ್ದಿನ ವಿಷಯ. ಹಿಂದಿನ ಕಪ್ಪು ಮದ್ದಿನ ಕಾಲ ಎಂದೋ ಮುಗಿದಿದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆ ಕಡಿಮೆಯಿರುವ ಮದ್ದನ್ನು ತಯಾರಿಸಿದ ಮೇಲೆ ಅದರದೇ ಬಗೆಗಳು ಬಂದವು. ಕಾಳಿನ ಗಾತ್ರ, ಆಕಾರ ಮತ್ತು ಮೇಲಿನ ಲೇಪವನ್ನು ಬದಲಾಯಿಸಿ ಬೇಗ ಉರಿಯುವ ಮದ್ದನ್ನೂ ನಿಧಾನವಾಗಿ ಉರಿಯುವ ಮದ್ದನ್ನೂ ಮಾಡುತ್ತಾರೆ. ನಮ್ಮ ಒಲೆಯಲ್ಲಿ ಒಣಗಿದ ಮಡಲು ಭಗ್ಗನೆ ಉರಿದು ಮುಗಿಯುತ್ತದೆ, ತೆಂಗಿನ ಗೆರಟೆ ಹೊತ್ತು ಹಿಡಿದು ಉರಿಯುತ್ತದೆ. ಹಾಗೆಯೇ ಇದು. ನಿಧಾನ ಎಂದರೂ ಎಲ್ಲವೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯುವ ವ್ಯವಹಾರವೇ.

ಅವನ ಪಿಸ್ತೂಲಿನ ನಳಿಗೆಯ ತುದಿಯಲ್ಲಿ ಅನಿಲವನ್ನು ಮೇಲಕ್ಕೆ ತೂರುವ ಕಿಂಡಿಗಳುಳ್ಳ ಕಾಂಪೆನ್ಸೇಟರ್ ಎಂಬ ಭಾಗವಿದೆ. ಗುಂಡು ಹಾರಿದಾಗ ನಳಿಗೆ ಮೇಲಕ್ಕೆ ಜಿಗಿಯದಂತೆ ಆ ಅನಿಲವೇ ಅದನ್ನು ಕೆಳಕ್ಕೆ ಒತ್ತುತ್ತದೆ. ನಿಧಾನ ಮದ್ದನ್ನು ಹೆಚ್ಚು ಪ್ರಮಾಣದಲ್ಲಿ ಹಾಕಬೇಕಾಗುವುದರಿಂದ ಅನಿಲವೂ ಹೆಚ್ಚು, ಆ ಭಾಗದ ಕೆಲಸವೂ ಚೆನ್ನಾಗಿ ಆಗುತ್ತದೆ. ಹಾಗೆಂದು ನಿಧಾನ ಮದ್ದು ಎಲ್ಲರಿಗೂ ಒಳ್ಳೆಯದೆಂದಲ್ಲ. ಆ ಕಿಂಡಿಗಳಿಲ್ಲದ ಪಿಸ್ತೂಲಿಗೆ, ಕಡಿಮೆ ಶಕ್ತಿಯ ತೋಟಾಕ್ಕೆ ಅದನ್ನು ಹಾಕಿದರೆ ಪೂರ್ತಿ ಉರಿಯದೆ ಕಾಳುಗಳು ಉಳಿಯುತ್ತವೆ. ಅಲ್ಲಿ ಬೇಗ ಉರಿಯುವ ಮದ್ದೇ ಸರಿ.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಅವನು ಹೇಳಿದ ಇನ್ನೊಂದು ಕಾರಣ. ಬೇಗ ಉರಿಯುವ ಮದ್ದು ಚಿಟಿಕೆಯಷ್ಟು ಸಾಕು. ಅದು ಹಿತ್ತಾಳೆಯ ಕೋಶದ ತಳದಲ್ಲಿ ಕುಳಿತಿರುತ್ತದೆ. ಕೈತಪ್ಪಿ ಎರಡು ಸಲ ಬಿದ್ದರೂ ಕೋಶ ಅದನ್ನು ಸದ್ದಿಲ್ಲದೆ ನುಂಗಿಕೊಳ್ಳಬಹುದು. ತುಂಬಿದವನಿಗೆ ಗೊತ್ತಾಗುವುದಿಲ್ಲ. ಪಿಸ್ತೂಲು ಕೈಯಲ್ಲೇ ಒಡೆದಾಗಲಷ್ಟೇ ಗೊತ್ತಾಗುತ್ತದೆ. ನಿಧಾನ ಮದ್ದಾದರೋ ಒಂದು ಅಳತೆಗೇ ಕೋಶದ ಬಾಯಿಯ ಹತ್ತಿರ ಬರುತ್ತದೆ. ಎರಡನೆಯ ಸಲ ಬಿದ್ದರೆ ಚೆಲ್ಲಿ ಮೇಜಿನ ಮೇಲೆ ಹರಡುತ್ತದೆ. ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತದೆ. ಮದ್ದು ಬೀಳದೇ ಹೋದರೂ ಖಾಲಿ ಕೋಶ ಎದ್ದು ಕಾಣುತ್ತದೆ. ಸ್ವಲ್ಪ ಹೆಚ್ಚುಕಮ್ಮಿಯಾದದ್ದು ಮಾತ್ರ ಕಣ್ಣಿಗೆ ತಿಳಿಯದು. ಅದಕ್ಕೆ ತಕ್ಕಡಿಯೇ ಬೇಕು, ತಯಾರಕರು ಅಚ್ಚುಹಾಕಿದ ಅಳತೆಯ ಪಟ್ಟಿಯೇ ಬೇಕು.

ಇಷ್ಟನ್ನು ಕೇಳಿದ ಮೇಲೆ ನಾನು ಮಗುವಿನ ವಿಷಯ ಎತ್ತಿದೆ. ಸಿಡಿತವೊಂದೇ ಅಪಾಯವಲ್ಲ. ಸಾಮಾನ್ಯವಾಗಿ ತೋಟಾದ ಪ್ರೈಮರ್‌ನಲ್ಲಿ ಸೀಸದ ಸಂಯುಕ್ತವಿರುತ್ತದೆ. ಬಳಸಿದ ಕೋಶಗಳನ್ನು ಯಂತ್ರದಲ್ಲಿ ಉರುಳಿಸಿ ಶುಚಿಗೊಳಿಸುವಾಗ ಏಳುವ ಧೂಳಿನಲ್ಲೂ ಸೀಸ ಇರುತ್ತದೆ. ಅದು ಕೈ, ಬಟ್ಟೆ, ಚಪ್ಪಲಿಗೆ ಅಂಟಿ ಮನೆಯೊಳಗೆ ಬರುತ್ತದೆ. ನೆಲದಲ್ಲಿ ಹರಿದಾಡಿ ಕೈಯನ್ನು ಬಾಯಿಗಿಡುವ ಮಗುವಿನ ಮೆದುಳಿಗೆ ಸೀಸ ಹಾನಿಕರ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟವೇ ಇಲ್ಲವೆಂದು ವೈದ್ಯರು ಹೇಳುತ್ತಾರೆ. ಚೆಲ್ಲಿದ ಮದ್ದು ಕಾಣುತ್ತದೆ, ಸೀಸ ಕಾಣುವುದಿಲ್ಲ. ಕಾಣದ್ದಕ್ಕೆ ನಿಯಮವೇ ಕಾವಲು.

ಮಸೀದಿಯಲ್ಲಿ ಅಥವಾ ಪೇಟೆಯಲ್ಲಿ ಬಾಣ ಹಿಡಿದು ಹೋಗುವವರು ಯಾರಿಗೂ ತಾಗದಂತೆ ಅದರ ಮೊನೆಯನ್ನು ಕೈಯಲ್ಲಿ ಹಿಡಿದುಕೊಳ್ಳಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದೂ ಹೇಳಿದ್ದಾರೆ. ಬಾಣವನ್ನು ಬಿಸಾಡಲು ಹೇಳಲಿಲ್ಲ, ಮೊನೆ ಹಿಡಿಯಲು ಹೇಳಿದರು. ನಾನೂ ಹುಡುಗನಿಗೆ ಬಿಟ್ಟುಬಿಡು ಎನ್ನಲಿಲ್ಲ. ಕೋಶ ಶುಚಿಗೊಳಿಸುವ ಕೆಲಸ ಮನೆಯಿಂದ ಹೊರಗೆ ನಡೆಯಬೇಕು. ಕೆಲಸದ ಬಟ್ಟೆ ಬದಲಿಸಿ, ಕೈ ತೊಳೆಯದೆ ಮಗುವನ್ನು ಎತ್ತಿಕೊಳ್ಳಬಾರದು. ಮದ್ದು ಅದರದೇ ಡಬ್ಬಿಯಲ್ಲಿ ಬೀಗದೊಳಗಿರಬೇಕು, ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಬಗೆಯ ಮದ್ದು ಇರಬೇಕು. ಆ ಹೊತ್ತಿನಲ್ಲಿ ಫೋನ್ ಬೇರೆ ಕೋಣೆಯಲ್ಲಿರಬೇಕು. ಅವನು ಇವನ್ನೆಲ್ಲ ಒಪ್ಪಿದ. ಬೀಗದ ಕೈ ಈಗ ಅವನ ಹೆಂಡತಿಯ ಬಳಿಯಿದೆ. ಅಕ್ಕನ ಆತಂಕ ಪೂರ್ತಿ ಹೋಗಿಲ್ಲ. ಹೋಗಬೇಕೆಂದು ನಾನು ಬಯಸುವುದೂ ಇಲ್ಲ. ತಾಯಿಯ ಆತಂಕವೂ ಒಂದು ಕಾವಲೇ.

ನಮ್ಮ ಮನೆಗಳಲ್ಲಿ ತೋಟಾ ತುಂಬುವವರಿಲ್ಲ. ಆದರೆ ಸದ್ದಿಲ್ಲದೆ ನಡೆದುಹೋಗುವ ತಪ್ಪುಗಳು ಎಲ್ಲ ಮನೆಗಳಲ್ಲೂ ಇವೆ. ವಯಸ್ಸಾದವರು ಬಿಪಿ ಮಾತ್ರೆಯನ್ನು ನುಂಗಿದ್ದು ಮರೆತು ಮತ್ತೊಮ್ಮೆ ನುಂಗುತ್ತಾರೆ. ಏಳು ದಿನಕ್ಕೆ ಏಳು ಗೂಡುಗಳಿರುವ ಮಾತ್ರೆಯ ಪೆಟ್ಟಿಗೆ ತಂದಿಟ್ಟರೆ ಇಂದಿನ ಗೂಡು ಖಾಲಿಯಾಗಿರುವುದು ತಾನೇ ಹೇಳುತ್ತದೆ. ಸೀಮೆಎಣ್ಣೆಯನ್ನು ತಂಪುಪಾನೀಯದ ಬಾಟಲಿಯಲ್ಲಿಟ್ಟರೆ ಮಗುವಿಗೆ ಅದು ಪಾನೀಯವೇ. ಸಾಲದ ಲೆಕ್ಕವನ್ನು ಬರೆದಿಡಬೇಕೆಂದು ಕುರ್‌ಆನ್ ಆದೇಶಿಸಿರುವುದರಲ್ಲೂ ಇದೇ ಕಾಳಜಿಯಿದೆ. ಮನುಷ್ಯ ಮರೆಯುತ್ತಾನೆ, ಬರಹ ಮರೆಯುವುದಿಲ್ಲ.

ಜಾಗರೂಕಳಾಗಿರುತ್ತೇನೆ ಎಂಬ ನಿರ್ಧಾರ ಒಳ್ಳೆಯದು. ಆದರೆ ದಣಿದ ಸಂಜೆ, ಅಳುವ ಮಗು, ಬಾಗಿಲಲ್ಲಿ ನೆಂಟರು ಇರುವಾಗ ಆ ನಿರ್ಧಾರ ಸಡಿಲಗೊಳ್ಳುತ್ತದೆ. ಅಂಥ ಹೊತ್ತಿನಲ್ಲೂ ತಪ್ಪು ತಾನಾಗಿಯೇ ಬಯಲಾಗುವಂತೆ ಮನೆಯನ್ನು ಜೋಡಿಸಿಟ್ಟುಕೊಳ್ಳುವುದು ನಮ್ಮ ಕೈಯಲ್ಲಿದೆ. ಆಮೇಲಿನದ್ದನ್ನು ಅಲ್ಲಾಹನಿಗೆ ಒಪ್ಪಿಸೋಣ.