ಕಾಲು ಒತ್ತಿದರೆ ಕೈ ಗುದ್ದುತ್ತಿದ್ದ ಸೂಪರ್‌ಮ್ಯಾನ್

ಬೊಂಬೆ ಕೂಡಿಡೋ ದೊಡ್ಡವರಿಗೆಂದೇ ಈಗ ಹಳೇ ನಮೂನೆಯ ಸೂಪರ್‌ಹೀರೋಗಳು ಬರುತ್ತಿವೆ. ಅದರಲ್ಲೊಂದರ ಮೂಲ, ಅಮೆರಿಕದ ಕೆನ್ನರ್ ಕಂಪನಿ 1984ರಲ್ಲಿ ತಂದ ‘ಸೂಪರ್ ಪವರ್ಸ್’. ಸೂಪರ್‌ಮ್ಯಾನ್‌ನ ಎರಡೂ ಕಾಲು ಸೇರಿಸಿ ಒತ್ತಿದರೆ ಕೈ ಗುದ್ದುತ್ತಿತ್ತು. ಫ್ಲ್ಯಾಶ್‌ನ ಕೈ ಒತ್ತಿದರೆ ಕಾಲು ಓಡುತ್ತಿತ್ತು. ಬ್ಯಾಟರಿ ಗೀಟರಿ ಏನಿಲ್ಲ. 1986ಕ್ಕೆ ನಿಂತುಹೋಯಿತು.

ಆ ಹೆಸರಲ್ಲೇ ಈಚೆಗೆ ಬಂದ ಹೊಸ ಸೂಪರ್‌ಮ್ಯಾನ್ ಒಂದನ್ನು ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ತಂದುಕೊಟ್ಟ. (ನಮ್ಮ ಸುದ್ದಿಗೆ ಸಿಗೋ ದುಡ್ಡಲ್ಲಿ ಇದೆಲ್ಲ ಆಗಲ್ಲ ಬಿಡಿ.) ಅರ್ಧ ಗೇಣು ಎತ್ತರ, ಬೆನ್ನಿಗೆ ಕೆಂಪು ಬಟ್ಟೆ, ಬಣ್ಣ ಎಲ್ಲೂ ಗೆರೆ ದಾಟಿಲ್ಲ. ಹಿಂದಿನ ರಟ್ಟಂತೂ ಥೇಟ್ ಹಳೇದೇ.

“ಬಿಚ್ಚಬೇಡ ಅಣ್ಣಾ, ಬೆಲೆ ಹೋಗುತ್ತೆ” ಅಂದ. ಮಗಳು ಕೇಳಬೇಕಲ್ಲ! ಹಳೇ ಬೊಂಬೆಯ ಕಥೆ ನಾನೇ ಹೇಳಿದ್ದೆ. ಪ್ಲಾಸ್ಟಿಕ್ ಕಿತ್ತು ಕಾಲು ಒತ್ತಿದಳು. ಮತ್ತೆ ಒತ್ತಿದಳು. ಕೈ ಅಲ್ಲಾಡಲಿಲ್ಲ. ಒತ್ತಿದರೆ ಗುದ್ದುವ ಆ ಏರ್ಪಾಡೇ ಇದರಲ್ಲಿಲ್ಲ.

ಗೋಡೆಗೆ ತೂಗುಹಾಕಿ ನೋಡುವವರಿಗೆ ಒಳ್ಳೇ ಮಾಲು. ಆದರೆ ಮುಖ ತಂದು ಗುದ್ದು ಬಿಟ್ಟುಬಂದದ್ದನ್ನು ಹಳೇದು ಅಂತ ಒಪ್ಪಲು ನನಗಾಗದು. ಹತ್ತಕ್ಕೆ ಆರು ಅಂಕ ಕೊಡುತ್ತೇನೆ. ಬೆಲೆ ಹೋದ ಆ ಬೊಂಬೆ ಈಗ ಮಗಳ ಸ್ಕೂಲ್ ಬ್ಯಾಗಲ್ಲಿದೆ; ಗುದ್ದುವ ಕೆಲಸ ಅವಳೇ ಮಾಡಿಸುತ್ತಾಳೆ.