ರಶೀದಿ ಪುಸ್ತಕ

ಮೂವತ್ತು ವರ್ಷದಿಂದ ಬೆಳಗ್ಗಿನ ಲೋಕಲ್ ಹಿಡಿಯಲು ಡೊಂಬಿವಲಿ ಸ್ಟೇಷನ್ನಿನ ಸೇತುವೆ ಮೇಲೆ ಓಡುತ್ತಿದ್ದೇನೆ. ಒಂದು ಜನ್ಮಕ್ಕೆ ಅಷ್ಟು ಓಟ ಸಾಕು ಅಂತ ನನ್ನ ಲೆಕ್ಕವಾಗಿತ್ತು. 2024ರ ದೀಪಾವಳಿ ಹೊತ್ತಿಗೆ ಮಗಳು ಬಂದು, "ಪಪ್ಪ, ಜನವರಿಯಲ್ಲಿ ಮುಂಬಯಿ ಮ್ಯಾರಥಾನ್. ನನ್ನ ಜೊತೆ ನಿಮ್ಮ ಹೆಸರೂ ಕೊಟ್ಟಿದ್ದೇನೆ" ಅಂದಳು. ಅಡುಗೆಮನೆಯಿಂದ ಇವಳು ನಕ್ಕಿದ್ದು ಹಾಲ್‌ವರೆಗೂ ಕೇಳಿಸಿತು.

ಹೆದರಬೇಡಿ, ನಲವತ್ತೆರಡು ಕಿಲೋಮೀಟರ್ ಅಲ್ಲ. ಅದರಲ್ಲೇ ಡ್ರೀಮ್ ರನ್ ಅಂತ ಒಂದಿದೆ, ಸುಮಾರು ಆರು ಕಿಲೋಮೀಟರ್. 2004ರಲ್ಲಿ ಮ್ಯಾರಥಾನ್ ಶುರುವಾದಾಗಿನಿಂದಲೂ ನಡೆಯುತ್ತಿದೆ. ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಓಡಬಹುದು, ನಡೆಯಬಹುದು, ಕುಣಿಯಲೂಬಹುದು. ಬಹಳ ಜನ ಯಾವುದಾದರೊಂದು ಸೇವಾಸಂಸ್ಥೆಯ ಹೆಸರಿನಲ್ಲಿ ಬರುತ್ತಾರೆ, ಅದಕ್ಕಾಗಿ ಪರಿಚಯದವರಿಂದ ಹಣ ಕೂಡಿಸುತ್ತಾರೆ. ಮಗಳು ಆರಿಸಿಕೊಂಡದ್ದು ಪರೇಲಿನ ಹತ್ತಿರ ಮಕ್ಕಳಿಗೆ ವಸತಿ ಕೊಡುವ ಒಂದು ಸಂಸ್ಥೆ. ಟಾಟಾ ಆಸ್ಪತ್ರೆಗೆ ದೂರದೂರದ ಊರುಗಳಿಂದ ಮಕ್ಕಳ ಕ್ಯಾನ್ಸರ್ ಚಿಕಿತ್ಸೆಗೆ ಬಂದವರು ತಿಂಗಳುಗಟ್ಟಲೆ ಇಲ್ಲೇ ಇರಬೇಕಾಗುತ್ತದೆ. ಬಾಡಿಗೆ ಕೊಡಲಾಗದವರು ಫುಟ್‌ಪಾತಿನಲ್ಲೇ ಮಲಗುವುದನ್ನು ಆ ಕಡೆ ಓಡಾಡಿದವರೆಲ್ಲ ನೋಡಿರುತ್ತೀರಿ.

"ನಾನು ಓಡಿದರೆ ಯಾವ ಮಗುವಿನ ಕಾಯಿಲೆ ವಾಸಿಯಾಗುತ್ತೆ? ಒಂದು ಚೆಕ್ ಬರೆದು ಕೊಡ್ತೇನೆ, ಮುಗೀತಲ್ಲ" ಅಂದೆ. ಬ್ಯಾಂಕಿನವನ ಬುದ್ಧಿ ನೋಡಿ.

"ಚೆಕ್ ಬೇಡ ಪಪ್ಪ. ನೀವು ಹತ್ತು ಜನರ ಹತ್ತಿರ ಕೇಳಬೇಕು."

ಆರು ಕಿಲೋಮೀಟರಿಗಿಂತ ಕಷ್ಟದ ಕೆಲಸ ಅದು. ಸಾಲ ಕೇಳಿ ಬಂದವರನ್ನು ಎದುರು ಕೂರಿಸಿಕೊಂಡೇ ನನ್ನ ಸರ್ವೀಸು ಕಳೆದಿದೆ. ನಾನಾಗಿ ಯಾರ ಮುಂದೂ ಕೈಚಾಚಿದವನಲ್ಲ. ವಾಟ್ಸಾಪಿನಲ್ಲಿ ಮೆಸೇಜು ಟೈಪ್ ಮಾಡುವುದು, ಅಳಿಸುವುದು. ಹೀಗೇ ಒಂದು ವಾರ ಹೋಯಿತು. ಕೊನೆಗೆ ಪಕ್ಕದ ಟೇಬಲ್ಲಿನವರನ್ನು ಬಾಯಿಬಿಟ್ಟು ಕೇಳಿದೆ. "ಎಂಬತ್ತು ಜಿ ಸಿಗುತ್ತಾ?" ಅಂದರು. ಹಳೇ ರಿಜೀಮ್ ಆದರೆ ಸಿಗುತ್ತದೆ, ಹೊಸದರಲ್ಲಿ ಇಲ್ಲ, ನಗದು ಎರಡು ಸಾವಿರ ಮೀರಿದರೆ ಹಳೆಯದರಲ್ಲೂ ಇಲ್ಲ ಅಂತ ಪ್ರಾಮಾಣಿಕವಾಗಿ ಹತ್ತು ನಿಮಿಷ ವಿವರಿಸಿದೆ. ಎಲ್ಲ ಕೇಳಿಸಿಕೊಂಡು "ಹಾಗಾದರೆ ನೋಡೋಣ" ಅಂದರು. ಆ "ನೋಡೋಣ" ಇದೆಯಲ್ಲ... ಅದನ್ನು ನಾನೇ ಎಷ್ಟು ಜನರಿಗೆ ಹೇಳಿಲ್ಲ! ಗಣೇಶೋತ್ಸವದವರು, ಅನಾಥಾಶ್ರಮದವರು, ಊರಿನ ದೇವಸ್ಥಾನದವರು ಬ್ರಾಂಚಿಗೆ ಬಂದಾಗ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂತ ಪ್ಯೂನ್ ಕೈಲಿ ಹೇಳಿಸಿ ಒಳಗೆ ಚಹಾ ಕುಡಿದದ್ದೂ ಉಂಟು.

ಅಂತೂ ಜನವರಿ ಬರುವಷ್ಟರಲ್ಲಿ ಒಂಬತ್ತು ಜನ ಆದರು. ಹತ್ತನೆಯವರು ಸಿಗಲಿಲ್ಲ.

2025ರ ಜನವರಿ 19, ಭಾನುವಾರ. ಕತ್ತಲಿರುವಾಗಲೇ ಗಾಡಿ ಹಿಡಿದು ವಿ.ಟಿ.ಗೆ ಬಂದೆವು. ಹೆಸರು ಎರಡು ಸಲ ಬದಲಾದರೂ ನಮ್ಮಂಥವರ ಬಾಯಲ್ಲಿ ಅದು ಇನ್ನೂ ವಿ.ಟಿ.ಯೇ. ಎದುರಿನ ರಸ್ತೆಯಲ್ಲಿ ಜನವೋ ಜನ. ಢೋಲು, ಬ್ಯಾನರು, ವೇಷ ಹಾಕಿದವರು, ಗಾಲಿಕುರ್ಚಿಯವರು, ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡವರು. ಓಟ ಅನ್ನುವುದು ಹೆಸರಿಗೆ ಮಾತ್ರ. ಮೊದಮೊದಲು ಸಂಜೆ ಹೊತ್ತು ದಾದರ್ ಸೇತುವೆ ಮೇಲೆ ಹೋದ ಹಾಗೆ, ಹಿಂದಿನವರು ತಳ್ಳಿದಷ್ಟೇ ಮುಂದೆ.

ಹಾಗೆ ನಿಂತು ನಿಂತು ಸಾಗುವಾಗ ಬೋರಾಬಜಾರ್ ಕಡೆ ಕಣ್ಣು ಹೋಯಿತು. 1983ರಲ್ಲಿ ಕುಂದಾಪುರದ ಕಡೆಯಿಂದ ಬಸ್ಸು ಹತ್ತಿ ಬಂದು ಟೇಬಲ್ ಒರೆಸಲು ಸೇರಿದ ಹೋಟೆಲು ಅಲ್ಲೇ. ಹೋಟೆಲಿನ ಕೆಲಸ ಮಗಳಿಗೆ ಗೊತ್ತು. ರಾತ್ರಿಶಾಲೆಯಲ್ಲಿ ಓದಿದ್ದೂ ಗೊತ್ತು. ಪಪ್ಪನ ಕಷ್ಟದ ಕಥೆ ಅಂತ ನಾನೇ ನೂರು ಸಲ ಹೇಳಿದ್ದೇನಲ್ಲ. ಅವಳಿಗೆ ಹೇಳದೆ ಬಿಟ್ಟದ್ದು ಒಂದಿತ್ತು.

ನಮಗೆ ಗಣಿತ ಹೇಳುತ್ತಿದ್ದ ಮಾಸ್ಟ್ರು ಹಗಲು ಯಾವುದೋ ಕಂಪನಿಯಲ್ಲಿ ಗುಮಾಸ್ತರು. ಸಂಜೆ ಆರೂವರೆಗೆ ಬಂದು ಕೋಟೆಯ ಹೋಟೆಲು, ಕ್ಯಾಂಟೀನುಗಳ ಹುಡುಗರಿಗೆ ಪಾಠ. ನಮ್ಮ ಹತ್ತಿರ ಫೀಸು ಎಲ್ಲಿಂದ ಬರಬೇಕು? ಪುಸ್ತಕ, ಪರೀಕ್ಷೆ ಫೀಸು ಎಲ್ಲ ದಾನಿಗಳದ್ದು. ಆ ದಾನಿಗಳ ಬಾಗಿಲಿಗೆ ಜೂನ್ ತಿಂಗಳಲ್ಲಿ ರಶೀದಿ ಪುಸ್ತಕ ಹಿಡಿದು ಹೋಗುತ್ತಿದ್ದವರು ಈ ಮಾಸ್ಟ್ರೇ. ಒಂದು ಮಧ್ಯಾಹ್ನ ನಮ್ಮ ಹೋಟೆಲಿಗೂ ಬಂದರು. ಮಳೆ. ಒದ್ದೆ ಕೊಡೆ. ಗಲ್ಲಾದಲ್ಲಿದ್ದ ಧಣಿ, "ಪ್ರತಿ ವರ್ಷ ಬಂದ್ಬಿಡ್ತೀರಲ್ಲ ಮಾರಾಯ್ರೆ. ರಶ್ ಮುಗೀಲಿ, ಕೂತ್ಕೊಳ್ಳಿ" ಅಂದರು. ಒಂದು ಗಂಟೆ ಹಾಗೇ ಕೂತಿದ್ದರು.

ನಾನು ಪಾತ್ರೆ ತೊಳೆಯುವ ಜಾಗದಲ್ಲಿ ಅಡಗಿ ನಿಂತಿದ್ದೆ. ಆ ಹಣ ನನ್ನಂಥವರಿಗಾಗಿ ಅಂತ ಉಳಿದ ಹುಡುಗರಿಗೆ ತಿಳಿದರೆ ಅಂತ ನಾಚಿಕೆ. ಅಷ್ಟರಲ್ಲಿ ಅವರಿಗೊಂದು ಚಹಾ ಕೊಡು ಅಂತ ಧಣಿ ನನ್ನನ್ನೇ ಕರೆದರು. ತಲೆ ಎತ್ತದೆ ಕಪ್ಪು ಇಟ್ಟೆ. ಮಾಸ್ಟ್ರು ನನ್ನನ್ನು ನೋಡಿದರು, ಯಾರೋ ಗುರುತಿಲ್ಲದ ಹುಡುಗನಿಗೆ ಹೇಳುವ ಹಾಗೆ "ಅಲ್ಲಿಡಪ್ಪ" ಅಂದರು. ಹನ್ನೊಂದು ರೂಪಾಯಿ ಸಿಕ್ಕಿತು. ರಶೀದಿ ಹರಿದು ಕೊಟ್ಟು, ಕೈಮುಗಿದು ಹೋದರು. ಮರುದಿನ ಕ್ಲಾಸಿನಲ್ಲಿ ನೋಟ್‌ಬುಕ್ ಹಂಚಿದರು. ನಾನೂ ಕೈಯೊಡ್ಡಿ ತೆಗೆದುಕೊಂಡೆ. ಆ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಿಕಾಂ ಆಗಿ, ಬ್ಯಾಂಕಿಗೆ ಸೇರಿ, ಪೇಢೆ ತೆಗೆದುಕೊಂಡು ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಇದನ್ನೆಲ್ಲ ಆ ಢೋಲಿನ ಗದ್ದಲದಲ್ಲಿ ಮಗಳ ಕಿವಿಗೆ ಕೂಗಿ ಕೂಗಿ ಹೇಳಿದೆ. ನಗಬೇಡಿ, ಮೆತ್ತಗೆ ಹೇಳುವ ಹಾಗೇ ಇರಲಿಲ್ಲ. ಅವಳು ಮರೀನ್ ಡ್ರೈವಿನ ಸಮುದ್ರ ಕಾಣುವವರೆಗೂ ಮಾತಾಡಲಿಲ್ಲ. ಆಮೇಲೆ, "ಅವರಿಗೆ ಗೊತ್ತಾಗಿತ್ತಾ, ನಿಮಗೆ ನಾಚಿಕೆ ಆಗಿದೆ ಅಂತ?" ಅಂದಳು.

"ಗೊತ್ತಾಗದೆ ಏನು?"

ನನ್ನ ಎಡಗಾಲಿನ ಮಂಡಿ ಅಲ್ಲಿಂದ ಮುಂದೆ ಮುಷ್ಕರ ಹೂಡಿತು. ಓಡುವುದಿರಲಿ, ನಡೆಯುವುದೇ ದೊಡ್ಡದಾಯಿತು. ಮಗಳು ಮುಂದೆ ಹೋಗಬಹುದಿತ್ತು, ಹೋಗಲಿಲ್ಲ.

ಎಲ್ಲ ಮುಗಿದ ಮೇಲೆ "ಹತ್ತನೆಯವರು ಬಾಕಿ ಇದ್ದಾರೆ ಪಪ್ಪ" ಅಂತ ಅವಳೇ ಬೋರಾಬಜಾರಿಗೆ ಕರೆದುಕೊಂಡು ಹೋದಳು. ಹೋಟೆಲು ಇದೆ. ಗಲ್ಲಾದಲ್ಲಿ ಈಗ ಧಣಿಯ ಮಗ. ಎದೆ ಮೇಲೆ ನಂಬರು ಅಂಟಿಸಿಕೊಂಡು, ಬೆವರಿಕೊಂಡು ಎದುರು ನಿಂತ ನನ್ನನ್ನು ಅವರು ಗುರುತಿಸಲಿಲ್ಲ. ವಿಷಯ ಹೇಳಿದೆ. ನಾಲಿಗೆ ಸ್ವಲ್ಪ ತಡವರಿಸಿತು.

"ರಶ್ ಇದೆ. ಕೂತ್ಕೊಳ್ಳಿ" ಅಂದರು.

ಕೂತೆವು. ಇಡ್ಲಿ ತಿಂದೆವು, ಚಹಾ ಕುಡಿದೆವು. ಮುಕ್ಕಾಲು ಗಂಟೆ ಆಗಿರಬಹುದು. ಮಗಳು ಎರಡು ಸಲ ಏಳಲು ನೋಡಿದಳು, ನಾನು ಬಿಡಲಿಲ್ಲ. ಕೊನೆಗೆ ಅವರು ಮೊಬೈಲ್ ತೆಗೆದು ಸಾವಿರದೊಂದು ಕಳಿಸಿ, "ರಶೀದಿ?" ಅಂದರು.

"ಇಮೇಲಿಗೆ ಬರುತ್ತೆ ಅಂಕಲ್" ಅಂದಳು ಮಗಳು.

ನಾನು ಕೈಮುಗಿದೆ. ಭಾನುವಾರ, ಗಾಡಿಗಳು ಕಡಿಮೆ. ಡೊಂಬಿವಲಿ ಫಾಸ್ಟ್ ಹೊರಡಲು ನಾಲ್ಕೇ ನಿಮಿಷ ಇತ್ತು. ಮಂಡಿ ನೋವು ಮರೆತು, ಆ ದಿನ ಮೊದಲ ಸಲ ನಿಜವಾಗಿ ಓಡಿದೆ.